ಬೆಲ್ಟಿನ ಸುಪ್ರಭಾತ

ಡಿಸೆಂಬರ್ ಪೂರ್ತಿ ನಮ್ಮ ಬೀದಿಗೆ ಅಲಾರಂ ಅಂದರೆ ನನ್ನ ಕಾರು. ಕೀಲಿ ತಿರುಗಿಸಿದ್ದೇ ತಡ, ಕೀಈಈ ಅಂತ ಕಿರುಚಿ, ಅರ್ಧ ನಿಮಿಷಕ್ಕೆ ಸುಮ್ಮನಾಗುತ್ತಿತ್ತು. ಸುಮ್ಮನಾಯ್ತಲ್ಲ, ಹಾಗಾದರೆ ಸರಿಹೋಯ್ತು ಅಂದುಕೊಳ್ಳುತ್ತಿದ್ದೆ. ತುಮಕೂರಿನ ಚಳಿಗೆ ಮನುಷ್ಯರೇ ಗೊಣಗುತ್ತಾ ಏಳುತ್ತಾರೆ, ಕಾರು ಗೊಣಗಬಾರದಾ?

ಎದುರುಮನೆ ಅಂಕಲ್ "ಬೇರಿಂಗು" ಅಂದರು. ಪಕ್ಕದವರು "ಇಲಿ ಸೇರಿರಬೇಕು" ಅಂದರು. ಸರಿಯಾಗಿ ಹೇಳಿದ್ದು ಅಮ್ಮ, ಅದೂ ಅಡುಗೆಮನೆಯಿಂದಲೇ. "ಬೆಲ್ಟ್ ಜಾರ್ತಿದೆ ಕಣೋ. ರಾಗಿ ಮಿಷನ್ ಸದ್ದು ಹಿಂಗೇ ಅಲ್ವಾ?" ಹೌದಲ್ಲ! ಭಾರ ಜಾಸ್ತಿಯಾದಾಗ ಮಿಷನ್ ಬೆಲ್ಟ್ ಕಿರುಚೋದು, ಮೈಯೆಲ್ಲ ಹಿಟ್ಟು ಮೆತ್ತಿಕೊಂಡವರು ಬಂದು ಅದಕ್ಕೆ ಮೇಣ ತಿಕ್ಕೋದು, ನಾವು ಡಬ್ಬ ಹಿಡಿದು ನಿಂತಿರೋದು.

ಇಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ, ಟಾರ್ಚ್ ಬಿಟ್ಟೆ. ಬ್ಯಾಟರಿಗೆ ಚಾರ್ಜ್ ತುಂಬೋ ಆಲ್ಟರ್ನೇಟರ್, ಇಂಜಿನ್ ತಣ್ಣಗಿಡೋ ನೀರಿನ ಪಂಪು, ಎಸಿ ಕಂಪ್ರೆಸರ್, ಎಲ್ಲದಕ್ಕೂ ಒಂದೇ ಕಪ್ಪು ಪಟ್ಟಿ, ಕೂಡುಕುಟುಂಬದ ಹಿರಿಸೊಸೆ ಥರ. ಒಳಮೈಯಲ್ಲಿ ಅಡ್ಡಡ್ಡ ಬಿರುಕು, ಬತ್ತಿದ ಕೆರೆಯಂಗಳದ ಹಾಗೆ. ಅಂಚಲ್ಲಿ ನೂಲು ಎದ್ದಿತ್ತು. ಅಲ್ಲಲ್ಲಿ ಮಿರಮಿರ ಹೊಳೆಯುತ್ತಿತ್ತು. ಆ ಹೊಳಪು ನೋಡಿ ಇನ್ನೂ ಹೊಸದಿದೆ ಅಂದುಕೊಂಡೆ. ಜಾರಿ ಜಾರಿ ಕಾದು ಬಂದ ಹೊಳಪಂತೆ ಅದು.

ಆಮೇಲೆ ಒಂದೊಂದೇ ನೆನಪಾಯಿತು. ಎಸಿ ಹಾಕಿದ ಕೂಡಲೇ ಕಿರುಚಾಟ ಜೋರಾಗುತ್ತಿತ್ತು. ಹಿಂದಿನ ವಾರ ದೇವರಾಯನದುರ್ಗ ಹತ್ತುವಾಗ ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಮಿಣಕ್ ಅಂದು ಆರಿತ್ತು. ಆಗ ನಾನು ಮಾಡಿದ್ದು ಒಂದೇ ಕೆಲಸ, ರೇಡಿಯೋ ಜೋರು ಮಾಡಿದ್ದು.

"ಮೇಣ ತಿಕ್ಕಿದರೆ ಆಗಲ್ವಾ?" ಅಂತ ಮೆಕ್ಯಾನಿಕ್ ಹತ್ತಿರ ಕೇಳಿದೆ. ನಕ್ಕರು. "ಇದು ಕಿತ್ತುಹೋದ್ರೆ ನೀರಿನ ಪಂಪು ನಿಲ್ಲುತ್ತೆ, ಇಂಜಿನ್ ಕಾದು ದಾರೀಲೇ ನಿಲ್ತೀರಿ ಸಾರ್. ಕಿರುಚೋ ಬೆಲ್ಟ್ ಎಷ್ಟೋ ವಾಸಿ. ಕೆಲವು ಗಾಡೀಲಿ ಒಳಗಡೆ ವಾಲ್ವು, ಪಿಸ್ಟನ್ನು ತಾಳ ತಪ್ಪದ ಹಾಗೆ ನೋಡ್ಕೊಳ್ಳೋ ಟೈಮಿಂಗ್ ಬೆಲ್ಟ್ ಇರುತ್ತೆ, ಅದು ಬಾಯೇ ಬಿಡಲ್ಲ. ಒಂದಿನ ಪಟ್ ಅಂದ್ರೆ ವಾಲ್ವು, ಪಿಸ್ಟನ್ನು ಗುದ್ದಾಡಿಕೊಂಡು ಇಂಜಿನ್ನೇ ಬಿಚ್ಚಬೇಕು. ಅದನ್ನ ಕಿಲೋಮೀಟರ್ ಲೆಕ್ಕದಲ್ಲೇ ಬದಲಾಯಿಸಬೇಕು." ನನ್ನದರಲ್ಲಿ ಅದರ ಬದಲು ಇರೋದು ಚೈನಂತೆ, ಬದುಕಿಕೊಂಡೆ.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬರೋದರೊಳಗೆ ಹೊಸ ಬೆಲ್ಟ್ ಕೂತಿತ್ತು. ಹಳೇದನ್ನು ಅಮ್ಮ ಇಸಿದುಕೊಂಡು ನುಗ್ಗೆ ಗಿಡವನ್ನು ಕಂಬಕ್ಕೆ ಬಿಗಿದರು.

ಮಾರನೇ ದಿನ ಎದುರುಮನೆ ಅಂಕಲ್ ವಾಕಿಂಗಿಗೆ ತಡವಾಗಿ ಹೊರಟರು. "ಏನಪ್ಪಾ, ಊರಲ್ಲಿಲ್ವಾ ಅಂದ್ಕೊಂಡೆ" ಅಂದರು.