ನಾನು ನಾನೇ ಅಂತ ಹೇಳೋಕೆ ಇನ್ನೆಷ್ಟು ಜನ ಬೇಕು?

ನನ್ನ ಪಾಸ್‌ಪೋರ್ಟ್ ಅರ್ಜಿಗೆ ಇವನು ಇವನೇ ಅಂತ ಹೇಳಲು ಆಗಲ್ಲ ಅಂತಿದ್ದರೆ ಪಕ್ಕದ ಮನೆಯವರು ಮೊದಲೇ ಹೇಳಬೇಕಿತ್ತು. "ಅದಕ್ಕೇನಂತೆ, ಧಾರಾಳವಾಗಿ ಮಾಡೋಣ" ಅಂತ ಒಪ್ಪಿಕೊಂಡು, ದಿನಗಟ್ಟಲೆ ಕಾಯಿಸಿ, ಕೊನೆಗೆ ಬಾಗಿಲಲ್ಲೇ ನಿಲ್ಲಿಸಿ ಇಲ್ಲ ಅನ್ನುವುದಾ? ಅದೂ ಅವರ ಮಗಳು ಅಳಿಯನ ಎದುರಿಗೆ? ಮನೆಗೆ ಬಂದು ಒಂದು ಗಂಟೆಯಾಯಿತು. ಕೈ ಇನ್ನೂ ನಡುಗುತ್ತಿದೆ. ಊಟ ಸೇರಲಿಲ್ಲ. ಯಾರ ಹತ್ತಿರವಾದರೂ ಹೇಳಿಕೊಳ್ಳದೆ ಇದ್ದರೆ ಈ ರಾತ್ರಿ ನಿದ್ದೆ ಬರಲ್ಲ.

ತಂಗಿ ಮದುವೆ. ತಿಪಟೂರಿನಲ್ಲಿ ಛತ್ರಕ್ಕೆ ಮುಂಗಡ ಕೊಟ್ಟಾಗಿದೆ. ಅಪ್ಪ ಇಲ್ಲ. ಧಾರೆ ಎರೆಯಬೇಕಾದವನು ನಾನು. ಆಷಾಢಕ್ಕೆ ಮುಂಚೆ ಇದೊಂದೇ ಒಳ್ಳೆ ಮುಹೂರ್ತ ಅಂತ ಜೋಯಿಸರು ಹೇಳಿದರು, ಗಂಡಿನ ಕಡೆಯವರು ಅದನ್ನೇ ಹಿಡಿದುಕೊಂಡರು, ಮುಗಿಯಿತು. ಇದೆಲ್ಲ ಗೊತ್ತಾಗಿದ್ದು ನಾನು ಇಲ್ಲಿ ಇಂಗ್ಲೆಂಡಿನಲ್ಲಿ ರಾಜನ ಫೋಟೋ ಮುಂದೆ ನಿಂತು ಪ್ರಮಾಣ ಮಾಡಿ, ಸರ್ಟಿಫಿಕೇಟ್ ತಗೊಂಡು, ಬ್ರಿಟಿಷ್ ಪ್ರಜೆ ಆದ ಮೇಲೆ. ಆ ಕಾಗದ ಕೈಗೆ ಬಂದ ಗಳಿಗೆಗೇ ನನ್ನ ಭಾರತದ ಪಾಸ್‌ಪೋರ್ಟಿನ ಕಥೆ ಮುಗಿಯಿತು. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಇನ್ನೊಂದು ದೇಶದ ಪೌರತ್ವ ತಗೊಂಡವನು ಅಲ್ಲಿಗೆ ಭಾರತದ ಪ್ರಜೆ ಅಲ್ಲ. ನೀವು ಅರ್ಜಿ ಹಾಕಬೇಕಾಗಿಲ್ಲ, ಯಾರೂ ಬಂದು ಹೇಳಬೇಕಾಗಿಲ್ಲ. ತಾನಾಗೇ ಹೋಗುತ್ತೆ.

"ಸುಮ್ನೆ ಹಳೇದರಲ್ಲೇ ಬಂದು ಹೋಗೋ, ಯಾರಿಗೆ ಗೊತ್ತಾಗುತ್ತೆ" ಅಂತ ಚಿಕ್ಕಮ್ಮನ ಮಗ ಫೋನಿನಲ್ಲಿ ಬುದ್ಧಿ ಹೇಳಿದ. ದಯವಿಟ್ಟು ಆ ಸಲಹೆ ಬೇಡ. ಅದು ಅಪರಾಧ. ತಂಗಿ ಮದುವೆಗೆ ಅಂತ ಹೋಗಿ ಬೆಂಗಳೂರು ಏರ್‌ಪೋರ್ಟಿನಲ್ಲಿ ಒಂದು ರೂಮಿನಲ್ಲಿ ಕೂತು ಉತ್ತರ ಕೊಡುತ್ತಾ ಇರಲು ನನಗೆ ಆಗಲ್ಲ.

ಹಾಗಾಗಿ ಹೊಸ ಪಾಸ್‌ಪೋರ್ಟ್ ಬೇಕು, ಬೇಗ ಬೇಕು. ಇಲ್ಲಿ ಒಂದು ವಾರದಲ್ಲಿ ಪಾಸ್‌ಪೋರ್ಟ್ ಕೊಡುವ ವ್ಯವಸ್ಥೆ ಇದೆ. ಅದಕ್ಕಿಂತ ಬೇಗ ಸಿಗುವುದೂ ಇದೆ. ಯಾರಿಗೆ? ಈಗಾಗಲೇ ಇರುವ ಪಾಸ್‌ಪೋರ್ಟ್ ರಿನ್ಯೂ ಮಾಡಿಸುವವರಿಗೆ. ಜೀವನದಲ್ಲಿ ಮೊದಲ ಸಲ ಬ್ರಿಟಿಷ್ ಪಾಸ್‌ಪೋರ್ಟ್ ತಗೊಳ್ಳುವ ದೊಡ್ಡವರಿಗೆ ಎರಡೂ ಇಲ್ಲ. ಎಷ್ಟು ದುಡ್ಡು ಕೊಡ್ತೀನಿ ಅಂದರೂ ಇಲ್ಲ. ಸಾಮಾನ್ಯವಾಗಿ 3 ವಾರ ಅನ್ನುತ್ತಾರೆ. ಸಂದರ್ಶನಕ್ಕೆ ಕರೆದರೆ ಇನ್ನೂ ಜಾಸ್ತಿ. ಪಾಸ್‌ಪೋರ್ಟ್ ಕೈಗೆ ಬರುವ ತನಕ ಟಿಕೆಟ್ ಮಾಡಿಸಬೇಡಿ ಅಂತ ಎಚ್ಚರಿಕೆ ಬೇರೆ. ಸಹಾಯವಾಣಿಗೆ ಫೋನ್ ಮಾಡಿದೆ. ಹತ್ತಿರದವರು ಸತ್ತಿದ್ದಾರಾ, ತೀರಾ ಹುಷಾರಿಲ್ಲವಾ, ಚಿಕಿತ್ಸೆಗೆ ಹೋಗಬೇಕಾ ಅಂತ ಕೇಳಿದರು. ಮದುವೆ ಅಂದೆ. ಮದುವೆ ಲೆಕ್ಕಕ್ಕಿಲ್ಲವಂತೆ. ಅಪ್ಪ ಇಲ್ಲದ ಮನೆಯಲ್ಲಿ ಅಣ್ಣ ಧಾರೆ ಎರೆಯಬೇಕು ಅನ್ನುವುದನ್ನು ಆ ಹುಡುಗಿಗೆ ಇಂಗ್ಲಿಷಿನಲ್ಲಿ ಹೇಗೆ ಬಿಡಿಸಿ ಹೇಳಲಿ? ಹೇಳಿದೆ ಕೂಡಾ. ಪಾಪ, ಕೇಳಿಸಿಕೊಂಡಳು. ಕೇಳಿಸಿಕೊಂಡು ಅದೇ ಉತ್ತರ ಕೊಟ್ಟಳು.

ಇರಲಿ, 3 ವಾರ ಅಂದರೆ 3 ವಾರ. ಅದಕ್ಕೂ ಲೆಕ್ಕ ಹಾಕಿದ್ದೆ. ಆದರೆ ಆ ಮೂರು ವಾರದ ಗಡಿಯಾರ ಓಡಬೇಕಾದರೆ ಇನ್ನೊಬ್ಬರು ಮುಂದೆ ಬಂದು "ಹೌದು, ಈ ಫೋಟೋದಲ್ಲಿ ಇರುವವನು ಇವನೇ, ಎರಡು ವರ್ಷದಿಂದ ಇವನನ್ನು ಬಲ್ಲೆ" ಅನ್ನಬೇಕು. ಅವರು ಇಲ್ಲೇ ಇರುವವರಾಗಬೇಕು. ಅವರ ಹತ್ತಿರ ಬ್ರಿಟಿಷ್ ಪಾಸ್‌ಪೋರ್ಟ್ ಇರಬೇಕು. ನಂಟರಾಗಬಾರದು. ಒಂದೇ ಮನೆಯಲ್ಲಿ ಇರಬಾರದು. ಟೀಚರೋ ವಕೀಲರೋ ಬ್ಯಾಂಕಿನವರೋ, ಅಂಥ ಕೆಲಸದಲ್ಲಿ ಇರುವವರು ಅಥವಾ ನಿವೃತ್ತರಾದವರು ಆಗಬೇಕು, ಇಲ್ಲಾ ನಾಲ್ಕು ಜನರಲ್ಲಿ ಒಳ್ಳೆ ಹೆಸರಿರಬೇಕು.

ಈಗ ನಮ್ಮ ಬಳಗ ನೋಡಿ. ನಾವಿರುವ ರೆಡಿಂಗ್ ಊರಿನಲ್ಲಿ ನನಗೆ ಗೊತ್ತಿರುವ ಕನ್ನಡದವರ ಮನೆಗಳಲ್ಲಿ ಸುಮಾರು ಜನ ಇನ್ನೂ ಭಾರತದ ಪಾಸ್‌ಪೋರ್ಟಿನಲ್ಲೇ ಇದ್ದಾರೆ. ನನ್ನ ಮಗುವಿನ ನಾಮಕರಣಕ್ಕೆ ಬಂದವರು, ಯುಗಾದಿಗೆ ಜೊತೆ ಕೂತು ಹೋಳಿಗೆ ತಿಂದವರು, ಅವರ್ಯಾರೂ ಆಗಲ್ಲ. ಭಾವಮೈದನಿಗೆ ಬ್ರಿಟಿಷ್ ಪಾಸ್‌ಪೋರ್ಟ್ ಇದೆ, ಆದರೆ ನಂಟ. ಪೌರತ್ವದ ಅರ್ಜಿಗೆ ಸಹಿ ಹಾಕಿದ ಇಬ್ಬರಲ್ಲಿ ಒಬ್ಬರು ಆಸ್ಟ್ರೇಲಿಯಾಕ್ಕೆ ಹೋದರು. ಇನ್ನೊಬ್ಬರು ಡಾಕ್ಟರು, ಅವರದೂ ಭಾರತದ ಪಾಸ್‌ಪೋರ್ಟೇ.

ಉಳಿದವರು ಪಕ್ಕದ ಮನೆಯ ಯಜಮಾನರು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು. ನಾವು ಈ ಬೀದಿಗೆ ಬಂದಾಗಿನಿಂದ ನೋಡುತ್ತಿದ್ದಾರೆ. 2020ರ ಲಾಕ್‌ಡೌನಿನಲ್ಲಿ ಅವರ ಹಾಲು, ಬ್ರೆಡ್ಡು, ಬಿಪಿ ಮಾತ್ರೆ ತಂದು ಹೊಸ್ತಿಲ ಮೇಲೆ ಇಟ್ಟು ಬರುತ್ತಿದ್ದವನು ನಾನು. ಇದನ್ನು ಹೇಳಿಕೊಳ್ಳಬಾರದು, ಮಾಡಿದ್ದನ್ನು ಆಡಬಾರದು ಅಂತ ಅಮ್ಮ ಹೇಳುತ್ತಾಳೆ. ಇವತ್ತು ಆಡುತ್ತೇನೆ.

ಕೇಳಿದೆ. ಖುಷಿಯಿಂದ ಒಪ್ಪಿದರು. ಅವರ ಈಮೇಲ್‌ಗೆ ಲಿಂಕ್ ಹೋಯಿತು. ಏನೂ ಆಗಲಿಲ್ಲ. ನೆನಪು ಮಾಡಿದೆ. "ಹೌದಲ್ವಾ, ಇವತ್ತು ನೋಡ್ತೀನಿ" ಅಂದರು. ಮತ್ತೆ ಏನೂ ಇಲ್ಲ. ಇವತ್ತು ಭಾನುವಾರ, ಮನೆಯಲ್ಲೇ ಇರುತ್ತಾರೆ ಅಂತ ಹೋಗಿ ಬೆಲ್ ಒತ್ತಿದೆ.

ಬಾಗಿಲು ತೆಗೆದವಳು ಮಗಳು. ಒಳಗೆ ಊಟ ನಡೆಯುತ್ತಿತ್ತು. ಅವರು ಎದ್ದು ಬಂದರು, ಕೈಯಲ್ಲಿ ನ್ಯಾಪ್ಕಿನ್. ಒಳಗೆ ಬಾ ಅನ್ನಲಿಲ್ಲ. ಊಟದ ಹೊತ್ತು, ಸರಿ. ನಾನು ಮೆಲ್ಲಗೆ ಕೇಳಿದೆ, ಆ ಲಿಂಕ್ ತೆರೆಯುವುದರಲ್ಲಿ ಏನಾದರೂ ತೊಂದರೆ ಇದ್ದರೆ ಐದು ನಿಮಿಷ ಜೊತೆಯಲ್ಲಿ ಕೂತು ಮಾಡಿಕೊಡಲಾ ಅಂತ.

ಅವರು ಮಗಳ ಮುಖ ನೋಡಿದರು. ಆಮೇಲೆ ಹೇಳಿದರು: "ಅದರಲ್ಲಿ ನನ್ನ ಪಾಸ್‌ಪೋರ್ಟ್ ನಂಬರ್ ಕೇಳ್ತಾರೆ. ಯೋಚನೆ ಮಾಡಿದೆ. ನಿಮ್ಮನ್ನು ದಿನಾ ನೋಡ್ತೀನಿ, ನಿಜ. ಆದರೆ ನಿಮ್ಮನ್ನು ಬಲ್ಲೆ ಅಂತ ಸರ್ಕಾರಕ್ಕೆ ಬರೆದುಕೊಡುವಷ್ಟು ನನಗೆ ಗೊತ್ತಿಲ್ಲವಲ್ಲ."

ನನಗೆ ಮಾತೇ ಹೊರಡಲಿಲ್ಲ. ಮಗಳು ಸೇರಿಸಿದಳು: "ಇದು ಕಾನೂನಿನ ವಿಷಯ ನೋಡಿ, ಅಪ್ಪನಿಗೆ ವಯಸ್ಸಾಗಿದೆ. ಏನಾದರೂ ಹೆಚ್ಚುಕಮ್ಮಿ ಆದರೆ?" ಏನು ಹೆಚ್ಚುಕಮ್ಮಿ? ನಾನೇನು ಕಳ್ಳಸಾಗಣೆ ಮಾಡುತ್ತಿದ್ದೇನಾ? ಅಳಿಯ ಒಳಗಿನಿಂದ ಕತ್ತು ಉದ್ದ ಮಾಡಿ ನೋಡಿದ. ಅವನು ನನ್ನನ್ನು ನೋಡಿದ ರೀತಿ ಇದೆಯಲ್ಲ, ಅದು ನನಗೆ ಸಾಯುವ ತನಕ ಮರೆಯಲ್ಲ. ಮನೆ ಮುಂದೆ ಏನೋ ಮಾರಲು ಬಂದವನನ್ನು ನೋಡುವ ನೋಟ.

ನಾನು ಆ ಹೊತ್ತಿನಲ್ಲಿ ಯಾರ ಮುಖವನ್ನೂ ನೋಡಲಾಗದೆ ಬಾಗಿಲ ಪಕ್ಕದ ಗೋಡೆ ನೋಡುತ್ತಿದ್ದೆ. ಅಲ್ಲಿ ಒಂದು ಹಲಗೆಗೆ ಸಾಲಾಗಿ ಕೊಕ್ಕೆ ಹೊಡೆದಿದ್ದಾರೆ. ಅವರ ಕಾರಿನ ಕೀ, ಗ್ಯಾರೇಜಿನ ಕೀ, ಕೊನೆಯ ಕೊಕ್ಕೆಯಲ್ಲಿ ಹಸಿರು ದಾರ ಕಟ್ಟಿದ ನಮ್ಮ ಮನೆ ಬೀಗದ ಕೈ. ಆ ದಾರ ನನ್ನ ಹೆಂಡತಿ ಕಟ್ಟಿದ್ದು. ನಾವು ಊರಿಗೆ ಹೋದಾಗಲೆಲ್ಲ ಅವರೇ ಬಂದು ಗಿಡಕ್ಕೆ ನೀರು ಹಾಕಿ, ಟಪಾಲು ಎತ್ತಿಡುತ್ತಿದ್ದರು. ನಮ್ಮ ಮನೆ ಒಳಗೆ ಒಬ್ಬರೇ ಓಡಾಡುವಷ್ಟು ಗೊತ್ತು. ನನ್ನ ಫೋಟೋ ನೋಡಿ ಹೌದು ಇವನೇ ಅನ್ನುವಷ್ಟು ಗೊತ್ತಿಲ್ಲ.

ಅದನ್ನು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಪರವಾಗಿಲ್ಲ ಅಂದೆ. ಊಟದ ಹೊತ್ತಿನಲ್ಲಿ ತೊಂದರೆ ಕೊಟ್ಟೆ, ಸಾರಿ ಅಂದೆ. ಥ್ಯಾಂಕ್ಸ್ ಕೂಡಾ ಅಂದೆ! ಬಾಗಿಲು ಹಾಕಿಕೊಂಡಿತು. ಈಗ ಹೊಟ್ಟೆ ಉರಿಯುತ್ತಿರುವುದು ಅವರು ಅಂದಿದ್ದಕ್ಕಾ, ನಾನು ಥ್ಯಾಂಕ್ಸ್ ಅಂದಿದ್ದಕ್ಕಾ, ಗೊತ್ತಾಗುತ್ತಿಲ್ಲ.

ಹೆಂಡತಿ ಸಮಾಧಾನ ಹೇಳಿದಳು. ಅವರ ಇಷ್ಟ, ಬಲವಂತ ಮಾಡಲಾಗುತ್ತಾ ಅಂದಳು. ಸರಿಯೇ. ಯಾರಿಗೂ ಬಲವಂತ ಇಲ್ಲ. ವಯಸ್ಸಾದವರು, ನಂಬರ್ ಕೊಡಲು ಹೆದರುತ್ತಾರೆ, ದಿನಾ ಪೇಪರಿನಲ್ಲಿ ಆನ್‌ಲೈನ್ ಮೋಸದ ಸುದ್ದಿ ಓದುತ್ತಾರೆ. ಅವರ ಮೇಲೆ ಯಾಕೆ ಕೋಪ ಮಾಡಿಕೊಳ್ಳಲಿ? ಬೇಡ. ಬಿಟ್ಟೆ.

ಆದರೆ ಬಿಡಲು ಆಗುತ್ತಿಲ್ಲ. ಹೆಂಡತಿ ಹೇಳುವುದು ಸುಲಭ. ಅವಳು ಇನ್ನೂ ಭಾರತದ ಪಾಸ್‌ಪೋರ್ಟಿನಲ್ಲೇ ಇದ್ದಾಳೆ, ಬೇಕಾದರೆ ಇವತ್ತು ರಾತ್ರಿಯೇ ವಿಮಾನ ಹತ್ತಬಹುದು. ನನ್ನ ತಂಗಿ ಮದುವೆಗೆ ಅವಳು ಹೋಗಬಹುದು, ನಾನು ಹೋಗಲಾಗಲ್ಲ. ಧಾರೆಗೆ ಗಂಡ ಹೆಂಡತಿ ಜೊತೆಗೆ ಕೂರಬೇಕು ತಾನೇ?

ನನ್ನ ಪ್ರಶ್ನೆ ಇಷ್ಟು. ಯಾರಾದರೂ ಉತ್ತರ ಕೊಡಿ. ಕಾನೂನು ಗೊತ್ತಿರುವವರು, ಆಫೀಸಿನ ಒಳಗೆ ಕೆಲಸ ಮಾಡಿದವರು, ಯಾರಾದರೂ.

ಪೌರತ್ವ ಕೊಡುವುದೂ ಪಾಸ್‌ಪೋರ್ಟ್ ಕೊಡುವುದೂ ಇಲ್ಲಿ ಒಂದೇ ಇಲಾಖೆಯ ಕೆಳಗೆ ಬರುತ್ತೆ. ಆ ಇಲಾಖೆ ನನ್ನ ಬೆರಳಚ್ಚು ತಗೊಂಡಿದೆ. ಐದು ವರ್ಷದಲ್ಲಿ ನಾನು ಎಷ್ಟು ದಿನ ದೇಶದ ಹೊರಗಿದ್ದೆ ಅಂತ ಪಟ್ಟಿ ತಗೊಂಡಿದೆ. 450 ದಿನ ದಾಟಬಾರದು, ದಾಟಿರಲಿಲ್ಲ. 45 ನಿಮಿಷದಲ್ಲಿ 24 ಪ್ರಶ್ನೆ ಕೇಳಿ ಈ ದೇಶದ ಚರಿತ್ರೆ ನನಗೆ ಗೊತ್ತಾ ಅಂತ ಪರೀಕ್ಷೆ ಮಾಡಿದೆ. 2025ರಲ್ಲಿ ನನ್ನಿಂದ 1,735 ಪೌಂಡ್ ಕಟ್ಟಿಸಿಕೊಂಡಿದೆ. ಇವನನ್ನು ಮೂರು ವರ್ಷದಿಂದ ಬಲ್ಲೆವು ಅಂತ ಇಬ್ಬರ ಹತ್ತಿರ ಸಹಿ ಹಾಕಿಸಿಕೊಂಡಿದೆ. ಎಲ್ಲಾ ನೋಡಿ, ತಿಂಗಳುಗಟ್ಟಲೆ ನೋಡಿ, ಹೌದು ಇವನು ಇವನೇ ಅಂತ ಒಪ್ಪಿಕೊಂಡು ಸರ್ಟಿಫಿಕೇಟ್ ಕೊಟ್ಟಿದೆ. ಈಗ ಅದೇ ಸರ್ಟಿಫಿಕೇಟಿನ ಜೊತೆ ಹಳೇ ಪಾಸ್‌ಪೋರ್ಟನ್ನೂ ಅವರಿಗೇ ವಾಪಸ್ ಕಳಿಸಿ, ಮತ್ತೆ ಇನ್ನೊಬ್ಬರ ಕೈಲಿ ಇವನು ಇವನೇ ಅಂತ ಹೇಳಿಸಬೇಕು ಅಂದರೆ ಏನರ್ಥ? ಹತ್ತು ವರ್ಷದ ಹಿಂದೆ ಪಾಸ್‌ಪೋರ್ಟ್ ತಗೊಂಡವನ ಮುಖಕ್ಕಿಂತ, ಈಗಷ್ಟೇ ಅಡಿಯಿಂದ ಮುಡಿಯ ತನಕ ತಪಾಸಣೆ ಆದ ನನ್ನ ಮುಖ ಅನುಮಾನದ್ದಾ? ಅವನಿಗೆ ಒಂದು ವಾರ, ನನಗಿಲ್ಲ. ಯಾಕೆ?

ಮೋಸದ ಅರ್ಜಿ ತಡೆಯಲು ಅಂತ ಯಾರಾದರೂ ಹೇಳುತ್ತೀರಿ. ಗೊತ್ತು. ಮೋಸ ಆಗುತ್ತೆ, ತಡೆಯಬೇಕು, ನಾನೂ ಒಪ್ಪುತ್ತೇನೆ. ಮೊದಲ ಪಾಸ್‌ಪೋರ್ಟ್ ಸಿಕ್ಕರೆ ಆಮೇಲಿನದೆಲ್ಲ ಸಲೀಸು, ಹಾಗಾಗಿ ಮೊದಲನೆಯದರಲ್ಲೇ ಬಿಗಿ ಮಾಡಬೇಕು ಅನ್ನುವುದೂ ಸರಿ. ಸಂದರ್ಶನಕ್ಕೆ ಕರೆಯಲಿ, ನಾಳೆಯೇ ಕರೆಯಲಿ, ಎಷ್ಟು ಬೇಕಾದರೂ ಪ್ರಶ್ನೆ ಕೇಳಲಿ. ಬೇಡ ಅಂದವರು ಯಾರು? ಆದರೆ ನನ್ನ ಗುರುತನ್ನು ಪಕ್ಕದ ಮನೆಯವರ ಧೈರ್ಯದ ಮೇಲೆ ಬಿಡಬೇಡಿ ಅಂತಷ್ಟೇ ನಾನು ಹೇಳುತ್ತಿರುವುದು. ಹೊಸದಾಗಿ ಬಂದು ಸೇರಿದವನಿಗೇ ಇಲ್ಲಿ ಹಳೇ ಪರಿಚಯದವರು ಕಡಿಮೆ ಇರುತ್ತಾರೆ. ಅವನಿಗೇ ಈ ನಿಯಮ ಜಾಸ್ತಿ ಗಟ್ಟಿ. ಇದು ಯಾರ ತಲೆಗೂ ಹೋಗಲಿಲ್ಲವಾ?

ಪಾಸ್‌ಪೋರ್ಟ್ ಬಂದ ಮೇಲೂ ಮುಗಿಯಲ್ಲ. ಭಾರತದ ವೀಸಾ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡಿಗೆ ಕಾದು ಕೂತರೆ ಮದುವೆ ಅಲ್ಲ, ಸೀಮಂತಕ್ಕೆ ಹೋಗಬೇಕಾಗುತ್ತೆ. ಹಾಗಾಗಿ ಇ-ವೀಸಾ. ನಾನು ಹುಟ್ಟಿದ ಮನೆಗೆ ಹೋಗಲು ಪ್ರವಾಸಿ ಅಂತ ಟಿಕ್ ಹಾಕಬೇಕು. ಅದಕ್ಕೂ ನಾನು ತಯಾರಿದ್ದೇನೆ. ಮೊದಲು ಆ ನೀಲಿ ಪುಸ್ತಕ ಬರಲಿ.

ಸಂಜೆ ಅಮ್ಮ ಫೋನ್ ಮಾಡಿದ್ದಳು. ಲಗ್ನಪತ್ರಿಕೆ ಅಚ್ಚಿಗೆ ಕೊಡಬೇಕಂತೆ, ಆಹ್ವಾನಿಸುವವರ ಜಾಗದಲ್ಲಿ ನಮ್ಮಿಬ್ಬರ ಹೆಸರು ಹಾಕಿಸಿದ್ದಾಳೆ. "ನೀನು ಬರೋದು ಗ್ಯಾರಂಟಿ ತಾನೇ? ಇಲ್ಲಾಂದ್ರೆ ಈಗಲೇ ಹೇಳಿಬಿಡಪ್ಪ, ನಿಮ್ಮ ಚಿಕ್ಕಪ್ಪನ ಕೈಲಿ ಧಾರೆ ಎರೆಸ್ತೀವಿ" ಅಂದಳು. ಬೈದು ಹೇಳಿದ್ದಲ್ಲ, ಸಮಾಧಾನವಾಗೇ ಹೇಳಿದಳು. ಹಿಂದೆ ತಂಗಿ ಏನೋ ಅಂದಿದ್ದು ಕೇಳಿಸಿತು. ಸರಿಯಾಗಿ ಕೇಳಿಸಲಿಲ್ಲ. ಏನು ಅಂದಳು ಅಂತ ಕೇಳುವ ಧೈರ್ಯ ಆಗಲಿಲ್ಲ.

ಚಿಕ್ಕಪ್ಪ ಎರೆದರೂ ಮದುವೆ ಆಗುತ್ತೆ. ಗೊತ್ತು. ಯಾರು ಎರೆದರೂ ಆಗುತ್ತೆ. ಒಂದು ಮನಸ್ಸು ಹಾಗೇ ಹೇಳಿ ಫೋನ್ ಇಡು ಅಂದಿತು.

ಹೇಳಲಿಲ್ಲ. ಬರ್ತೀನಿ, ಹೆಸರು ಹಾಕಿಸು ಅಂದೆ. ನಾಳೆ ಬೆಳಗ್ಗೆ ನಮ್ಮ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆ. ಅವರ ಮಗಳೂ ನನ್ನ ಮಗಳೂ ಒಂದೇ ಕ್ಲಾಸು, ಹುಟ್ಟುಹಬ್ಬಕ್ಕೆ ಮನೆಗೆ ಬಂದು ಹೋಗುವವರು. ಅವರೂ ಇಲ್ಲ ಅಂದರೆ ಶಾಲೆಯ ಟೀಚರನ್ನು ಕೇಳುತ್ತೇನೆ. ಈ ಸಲ ಬಾಗಿಲಲ್ಲಿ ನಿಂತು ಸಾರಿ ಅನ್ನಲ್ಲ. ಪಕ್ಕದ ಮನೆಯಿಂದ ನಮ್ಮ ಬೀಗದ ಕೈ ಇಸ್ಕೊಂಡು ಬಾ ಅಂತ ಹೆಂಡತಿಗೆ ಹೇಳಿದ್ದೇನೆ. ಬೇಡ, ಚೆನ್ನಾಗಿರಲ್ಲ ಅನ್ನುತ್ತಿದ್ದಾಳೆ. ಅವಳು ಹೋಗದಿದ್ದರೆ ನಾನೇ ಹೋಗುತ್ತೇನೆ.