ಎಮ್ಯುಲೇಟ್ ಮತ್ತು ಹುರುಡು

ಕಳೆದ ವಾರ ಕಿರಿಯ ಗೆಳೆಯರೊಬ್ಬರು ತಾವು ಮಾಡಿದ್ದ ಅನುವಾದವೊಂದನ್ನು ಓದಿ ನೋಡಲು ಕೊಟ್ಟಿದ್ದರು. ಅನಿಲ್ ಕುಂಬ್ಳೆ 1999ರ ಫೆಬ್ರವರಿಯಲ್ಲಿ ದೆಹಲಿಯ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು ಒಂದೇ ಇನ್ನಿಂಗ್ಸ್‌ನಲ್ಲಿ ಕಿತ್ತು ಇಂಗ್ಲೆಂಡಿನ ಜಿಮ್ ಲೇಕರ್ ಅವರನ್ನು ‘ಎಮ್ಯುಲೇಟ್’ ಮಾಡಿದರೆಂಬ ಇಂಗ್ಲಿಷ್ ವಾಕ್ಯವು ಅಲ್ಲಿ ‘ಲೇಕರ್ ಅವರನ್ನು ಅನುಕರಿಸಿದರು’ ಎಂದಾಗಿತ್ತು. 1956ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆಸ್ಟ್ರೇಲಿಯಾದ ವಿರುದ್ಧ 53 ರನ್ನಿಗೆ ಹತ್ತು ವಿಕೆಟ್ ಪಡೆದ ಲೇಕರ್ ಆಫ್ ಸ್ಪಿನ್ನರ್. 74 ರನ್ನಿಗೆ ಹತ್ತು ಪಡೆದ ಕುಂಬ್ಳೆಯವರು ಚೆಂಡನ್ನು ಹೆಚ್ಚು ತಿರುಗಿಸದೆ ವೇಗ ಮತ್ತು ಪುಟಿತದಿಂದಲೇ ಕಾಡುತ್ತಿದ್ದ ಲೆಗ್ ಸ್ಪಿನ್ನರ್. ಒಬ್ಬರ ಬೌಲಿಂಗಿನ ನೆರಳೂ ಇನ್ನೊಬ್ಬರದರಲ್ಲಿ ಕಾಣದು. ಕುಂಬ್ಳೆ ಲೇಕರ್ ಅವರನ್ನು ಸರಿಗಟ್ಟಿದರು. ಅನುಕರಿಸಿದರು ಎಂದೊಡನೆ ಆ ಸಾಧನೆ ನಕಲಿನ ಮಟ್ಟಕ್ಕೆ ಇಳಿದುಬಿಡುತ್ತದೆ.

ಗೆಳೆಯರನ್ನು ನಾನು ದೂರಲಾರೆ. ನಮಗೆಲ್ಲ ಶಾಲೆಯಲ್ಲಿ ‘ಇಮಿಟೇಟ್’ ಎಂದರೂ ಅನುಕರಿಸು, ‘ಎಮ್ಯುಲೇಟ್’ ಎಂದರೂ ಅನುಕರಿಸು ಎಂದೇ ಬಾಯಿಪಾಠ ಮಾಡಿಸಿದ್ದರು. ಎರಡೂ ಪದಗಳು ಒಂದೇ ಬೇರಿನಿಂದ ಒಡೆದವು ಎಂದು ಭಾಷಾಶಾಸ್ತ್ರಜ್ಞರು ಹೇಳುವುದು ನಿಜ. ಆದರೆ ಲ್ಯಾಟಿನ್ನಿನಲ್ಲಿಯೇ ಅವುಗಳ ದಾರಿ ಬೇರೆಯಾಗಿತ್ತು. ‘ಐಮುಲುಸ್’ ಎಂದರೆ ಎದುರಾಳಿ, ಪೈಪೋಟಿಗೆ ನಿಂತವನು. ಅದರಿಂದ ಬಂದ ಕ್ರಿಯಾಪದಕ್ಕೆ ಮೇಲಿರುವವನ ಎತ್ತರಕ್ಕೆ ಏರಲು, ಸಾಧ್ಯವಾದರೆ ಅವನನ್ನು ಮೀರಲು ಹೆಣಗುವುದು ಎಂದು ಅರ್ಥ. ಒಂದನೆಯ ಶತಮಾನದಲ್ಲಿ ರೋಮಿನಲ್ಲಿ ಮಾತುಗಾರಿಕೆಯನ್ನು ಕಲಿಸುತ್ತಿದ್ದ ಕ್ವಿಂಟಿಲಿಯನ್ ಈ ಭೇದವನ್ನು ಬಹಳ ಗಂಭೀರವಾಗಿ ಪರಿಗಣಿಸಿದ್ದ. ಇನ್ನೊಬ್ಬನ ಹೆಜ್ಜೆಯ ಮೇಲೆಯೇ ಹೆಜ್ಜೆಯಿಡಬೇಕೆಂದುಕೊಂಡವನು ಅವನನ್ನು ಎಂದಿಗೂ ಸರಿಗಟ್ಟಲಾರ, ಏಕೆಂದರೆ ಹಿಂಬಾಲಿಸುವವನು ಹಿಂದೆಯೇ ಇರಬೇಕಾಗುತ್ತದೆ ಎಂಬುದು ಅವನ ವಾದ. ಹಳೆಯ ಕೃತಿಯ ಅರ್ಥವನ್ನು ತನ್ನ ಮಾತಿನಲ್ಲಿ ಹೇಳುವಾಗಲೂ ವಿದ್ಯಾರ್ಥಿಯು ಮೂಲದೊಡನೆ ಸೆಣಸಬೇಕೆಂದು ಅವನು ಬಯಸುತ್ತಿದ್ದ. ಅನುವಾದ ಮಾಡುವ ನಮ್ಮಂಥವರು ಮತ್ತೆ ಮತ್ತೆ ನೆನೆಯಬೇಕಾದ ಮಾತು ಇದು.

ಹದಿನಾರನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಈ ಪದಕ್ಕೆ ಆರಂಭದಲ್ಲಿ ಕಹಿಯ ಒಗರೂ ಇತ್ತು. 1611ರ ಇಂಗ್ಲಿಷ್ ಬೈಬಲಿನಲ್ಲಿ ಗಲಾತ್ಯದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯವು ದ್ವೇಷ, ಕೋಪ, ಜಗಳಗಳ ಸಾಲಿನಲ್ಲಿಯೇ ‘ಎಮ್ಯುಲೇಷನ್’ಗಳನ್ನೂ ಸೇರಿಸುತ್ತದೆ. ಅಲ್ಲಿ ಅದು ಹೊಟ್ಟೆಕಿಚ್ಚು. ಇನ್ನೊಬ್ಬನ ಏಳಿಗೆಯನ್ನು ಕಂಡಾಗ ನಾನೂ ಹಾಗಾಗಬೇಕು ಎನ್ನಿಸುವುದಕ್ಕೂ ಅವನು ಹಾಗಿರಬಾರದಿತ್ತು ಎನ್ನಿಸುವುದಕ್ಕೂ ನಡುವಿನ ಗೆರೆ ಬಹಳ ತೆಳುವಾದದ್ದು. ಕಾಲಕ್ರಮದಲ್ಲಿ ಮೊದಲನೆಯ ಅರ್ಥ ಉಳಿದು ಎರಡನೆಯದು ಬಳಕೆಯಿಂದ ಹೋಯಿತು.

ಇಲ್ಲಿ ನನ್ನನ್ನು ಬೆರಗುಗೊಳಿಸಿದ ಸಂಗತಿಯೆಂದರೆ, ಇದೇ ಎರಡು ಮುಖಗಳನ್ನು ಹೊತ್ತ ಪದವೊಂದು ಕನ್ನಡದಲ್ಲಿಯೇ ಇದೆ. ಹಳಗನ್ನಡದ ‘ಪುರುಡು’, ಮುಂದೆ ‘ಹುರುಡು’ ಆದದ್ದು, ಸ್ಪರ್ಧೆಯೂ ಹೌದು, ಮತ್ಸರವೂ ಹೌದು. ‘ಹುರುಡಿಸು’ ಎಂದರೆ ಪೈಪೋಟಿ ಮಾಡು, ಸರಿಗಟ್ಟು. ಇಷ್ಟು ಹತ್ತಿರದ ನೆಂಟನನ್ನು ಮನೆಯಲ್ಲಿಟ್ಟುಕೊಂಡು ನಾವು ಸಂಸ್ಕೃತದ ‘ಅನುಕರಿಸು’ವಿಗೆ ಅದರದಲ್ಲದ ಭಾರವನ್ನು ಹೊರಿಸುತ್ತಿದ್ದೇವೆ.

ಕಂಪ್ಯೂಟರ್ ಕ್ಷೇತ್ರದವರು ‘ಎಮ್ಯುಲೇಟರ್’ ಎಂಬುದನ್ನು, ಅಂದರೆ ಒಂದು ಯಂತ್ರಕ್ಕೆಂದು ಬರೆದ ಪ್ರೋಗ್ರಾಮುಗಳನ್ನು ಇನ್ನೊಂದರಲ್ಲಿ ಓಡಿಸುವ ವ್ಯವಸ್ಥೆಯನ್ನು, ಬರಿಯ ನಕಲು ಯಂತ್ರವೆಂದು ಭಾವಿಸುವುದೂ ಉಂಟು. 1964ರಲ್ಲಿ ಐಬಿಎಂ ಸಿಸ್ಟಮ್/360 ಕುಟುಂಬದ ಯಂತ್ರಗಳನ್ನು ಘೋಷಿಸಿದಾಗ, ಹಳೆಯ 1401 ಯಂತ್ರಕ್ಕೆಂದು ಬರೆದ ಪ್ರೋಗ್ರಾಮುಗಳನ್ನು ಗ್ರಾಹಕರು ಎಸೆಯಬೇಕಾಗದಂತೆ ಮಾಡಿದ್ದು ಈ ಎಮ್ಯುಲೇಷನ್ ವ್ಯವಸ್ಥೆ. ಸಾಫ್ಟ್‌ವೇರಿನಿಂದಷ್ಟೇ ಮಾಡುವ ಸಿಮ್ಯುಲೇಷನ್ ತೀರ ನಿಧಾನವಾಗುತ್ತಿದ್ದುದರಿಂದ ಎಂಜಿನಿಯರರು ಯಂತ್ರದೊಳಗಿನ ಮೈಕ್ರೋಕೋಡಿನ, ಅಂದರೆ ಯಂತ್ರದ ಒಂದೊಂದು ಆದೇಶವನ್ನೂ ನಡೆಸಿಕೊಡುವ ಒಳಗಿನ ಸೂಕ್ಷ್ಮ ಸೂಚನೆಗಳ, ನೆರವನ್ನು ಪಡೆದರು. ಹಾಗಾಗಿ ಈ ಕುಟುಂಬದ ಮಾಡೆಲ್ 30ರಲ್ಲಿ ಹಳೆಯ ಪ್ರೋಗ್ರಾಮುಗಳು 1401ರಲ್ಲಿ ಓಡುತ್ತಿದ್ದುದಕ್ಕಿಂತ ವೇಗವಾಗಿ ಓಡಿದವು. ಸರಿಗಟ್ಟಿ ಮೀರುವುದು ಎಂಬ ಲ್ಯಾಟಿನ್ ಅರ್ಥ ಅಲ್ಲಿ ಅಕ್ಷರಶಃ ಉಳಿದಿತ್ತು.

ಗೆಳೆಯರ ಪುಟದಲ್ಲಿ ಕುಂಬ್ಳೆಯವರ ವಾಕ್ಯಕ್ಕೆ ‘ಸರಿಗಟ್ಟಿದರು’ ಎಂದು ತಿದ್ದಿದೆ. ಕಿರಿಯ ಬೌಲರ್‌ಗಳು ಕುಂಬ್ಳೆಯವರನ್ನು ‘ಎಮ್ಯುಲೇಟ್’ ಮಾಡಬಯಸುತ್ತಾರೆ ಎಂಬ ಮುಂದಿನ ವಾಕ್ಯದಲ್ಲಿ ಮಾತ್ರ ಆ ಪದ ಹೊಂದಲಿಲ್ಲ, ಏಕೆಂದರೆ ಅಲ್ಲಿ ಕೆಲಸ ಇನ್ನೂ ಮುಗಿದಿಲ್ಲ, ಹಂಬಲವಷ್ಟೇ ಇದೆ. ಬಹಳ ಹೊತ್ತು ಯೋಚಿಸಿ ಅಂಚಿನಲ್ಲಿ ‘ಹುರುಡಿಸಬಯಸುತ್ತಾರೆ’ ಎಂದು ಪೆನ್ಸಿಲಿನಲ್ಲಿ ಬರೆದು, ಇರಿಸಿಕೊಳ್ಳುವ ನಿರ್ಧಾರವನ್ನು ಅವರಿಗೇ ಬಿಟ್ಟಿದ್ದೇನೆ.