ಬೇಗ ಕೊಳೆಯುವ ಸೀಟುಗಳು

ಸಾಲ ತೀರಿಸದವನ ಮನೆಯ ಬೀರುವನ್ನು ನ್ಯಾಯಾಲಯ ಹರಾಜು ಹಾಕಿಸಬೇಕಾದರೆ, ಪ್ರಕಟಣೆ ಅಂಟಿಸಿದ ಮೇಲೆ ಕನಿಷ್ಠ 7 ದಿನ ಕಾಯಬೇಕು. ಜಮೀನಾದರೆ 15 ದಿನ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಇದು ಸ್ಪಷ್ಟವಾಗಿ ಇದೆ. ಜಮೀನು ಜಪ್ತಿಯಾದದ್ದನ್ನು ಆ ಸ್ಥಳದಲ್ಲೇ ಡಂಗುರ ಹೊಡೆಸಿ ಸಾರಬೇಕು ಎಂಬ ಮಾತೂ ಅದರಲ್ಲಿ ಉಳಿದುಕೊಂಡಿದೆ. ಸಾಲ ಮುಳುಗಿಸಿದವನಿಗೂ ಸುದ್ದಿ ಮುಟ್ಟಲಿ, ಅವನೂ ನಾಲ್ಕು ಜನರನ್ನು ವಿಚಾರಿಸಲಿ ಎಂಬ ಔದಾರ್ಯ. ವೈದ್ಯಕೀಯ ಸೀಟಿಗೆ ಅರ್ಜಿ ಹಾಕಿದ ಹುಡುಗಿ ಸಾಲ ಮಾಡಿರುವುದಿಲ್ಲ. ಮಾಡಿರುವುದು ಅವಳ ಅಪ್ಪ, ಅದು ಬೇರೆ ವಿಷಯ. ಆದ್ದರಿಂದ ಅವಳಿಗೆ ಡಂಗುರವಿಲ್ಲ. ಅವಳ ಪಾಲಿಗೆ ಇರುವುದು ಒಂದು ಪಿಡಿಎಫ್.

ಈ ಪಿಡಿಎಫ್ ಎಂಬ ಕಲಾಕೃತಿಯನ್ನು ಸಾವಕಾಶವಾಗಿ ನೋಡಬೇಕು. ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿ, ಕಾಗದದ ಮೇಲೆ ಮುದ್ರಿಸಿ, ಸಹಿ ಹಾಕಿ, ಮೊಹರು ಒತ್ತಿ, ಮತ್ತೆ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೇ ವಾಪಸು ಸೇರಿಸಿದ ಹಾಳೆ ಅದು. ಸ್ವಲ್ಪ ಬಲಕ್ಕೆ ವಾಲಿಕೊಂಡಿರುತ್ತದೆ. ಎಡಮೂಲೆಯಲ್ಲಿ ಪಿನ್ನಿನ ಕಪ್ಪು ನೆರಳು. ಮೊಹರು ಸರಿಯಾಗಿ ದಿನಾಂಕದ ಮೇಲೆಯೇ ಬಿದ್ದಿರುವುದರಿಂದ ಅದು 3ನೇ ತಾರೀಖೋ 8ನೇ ತಾರೀಖೋ ಎಂಬುದು ಓದುವವರ ಪುಣ್ಯಕ್ಕೆ ಬಿಟ್ಟದ್ದು. ಕಡತದ ಹೆಸರಿನಲ್ಲಿ ‘ಅಂತಿಮ’ ಎಂದಿರುತ್ತದೆ, ಅದರ ಮುಂದೆ ‘ಪರಿಷ್ಕೃತ’ ಎಂದಿರುತ್ತದೆ, ಅದರ ಮುಂದೆ ‘2’. ಮೊದಲ ಪ್ಯಾರಾದಲ್ಲಿ ಹಿಂದಿನ ಪ್ರಕಟಣೆಗಳ ಸ್ಮರಣೆ. ಎರಡನೆಯದರಲ್ಲಿ ಅವುಗಳ ಭಾಗಶಃ ಮಾರ್ಪಾಡು. ಯಾವ ಭಾಗ ಎಂದು ಕೇಳಬಾರದು. ಮೂರನೆಯದರಲ್ಲಿ ಸಕ್ಷಮ ಪ್ರಾಧಿಕಾರದ ಅನುಮೋದನೆ ಪಡೆಯಲಾಗಿದೆ ಎಂಬ ಸಮಾಧಾನ. ವಿಷಯ ಇರುವುದು ನಾಲ್ಕನೆಯ ಪ್ಯಾರಾದ ಕಟ್ಟಕಡೆಗೆ: ಅಭ್ಯರ್ಥಿಗಳು ಎಲ್ಲ ಮೂಲ ದಾಖಲೆಗಳೊಂದಿಗೆ ನಾಳೆ ಬೆಳಿಗ್ಗೆ 11 ಗಂಟೆಯೊಳಗೆ ಖುದ್ದಾಗಿ ಹಾಜರಾಗತಕ್ಕದ್ದು. ಇದು ಜಾಲತಾಣಕ್ಕೆ ಏರಿರುವುದು ರಾತ್ರಿ 11.40ಕ್ಕೆ. ಅಡಿಯಲ್ಲಿ ದಪ್ಪಕ್ಷರಗಳಲ್ಲಿ ಒಂದು ಸಾಲು: ‘ಅಭ್ಯರ್ಥಿಗಳು ಜಾಲತಾಣವನ್ನು ನಿರಂತರವಾಗಿ ಗಮನಿಸುತ್ತಿರಲು ಸೂಚಿಸಿದೆ.’

ಆ ಒಂದು ಸಾಲಿನಲ್ಲಿ ಇಡೀ ಆಡಳಿತಶಾಸ್ತ್ರ ಅಡಗಿದೆ. ತಿಳಿಸುವ ಹೊಣೆ ಕಚೇರಿಯ ಹೆಗಲಿನಿಂದ ಇಳಿದು, ತಿಳಿದುಕೊಳ್ಳುವ ಹೊಣೆಯಾಗಿ ಹದಿನೆಂಟು ವರ್ಷದವಳ ಹೆಗಲೇರಿತು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು ಇನ್ನು ಅವಳ ಕೆಲಸ. ಕಚೇರಿಯ ಹತ್ತಿರ ಅವಳ ಮೊಬೈಲ್ ಸಂಖ್ಯೆ ಇಲ್ಲವೇ? ಇದೆ. ಅಪ್ಪನದೂ ಇದೆ, ಇಮೇಲ್ ಕೂಡ ಇದೆ. ನೋಂದಣಿ ಶುಲ್ಕ ಜಮೆಯಾದ ಸಂದೇಶ ಆ ಮೊಬೈಲಿಗೆ ಚಿಟಿಕೆ ಹೊಡೆಯುವುದರೊಳಗೆ ಬಂದಿತ್ತು. ಸೀಟಿನ ಸಂದೇಶ ಮಾತ್ರ ಅದೇ ತಂತಿಯಲ್ಲಿ ಬರಲು ಒಪ್ಪುವುದಿಲ್ಲ.

ನಮ್ಮಲ್ಲಿ ಪ್ರಕಟಣೆಗಳು ಯಾರನ್ನೂ ಮುಟ್ಟುವುದೇ ಇಲ್ಲ ಎಂದರೆ ತಪ್ಪಾಗುತ್ತದೆ. ಮುಟ್ಟಬೇಕಾದವರನ್ನು ಮಿಂಚಿನಂತೆ ಮುಟ್ಟಿದ ಉದಾಹರಣೆ ಸುಪ್ರೀಂ ಕೋರ್ಟಿನ ದಾಖಲೆಯಲ್ಲೇ ಇದೆ. ಛತ್ತೀಸಗಢದ ಜಗದಲ್‌ಪುರದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ 2006ರ ಪ್ರವೇಶದ ಕೊನೆಯ ದಿನ, ಅಂದರೆ ಸೆಪ್ಟೆಂಬರ್ 30ರಂದು, ಎರಡು ಸೀಟುಗಳು ಭರ್ತಿಯಾದವು. ಹೆಚ್ಚು ಅಂಕ ಪಡೆದು ಪಟ್ಟಿಯಲ್ಲಿ ಮುಂದಿದ್ದವರಿಗೆ ಸುದ್ದಿಯೇ ಇಲ್ಲ. ಅದೇ ದಿನ ಹಾಜರಾಗಿ, ಅದೇ ದಿನ ಸೇರಿಕೊಂಡವರು ಇಬ್ಬರು. ಅವರಲ್ಲಿ ಒಬ್ಬರ ತಂದೆ ರಾಜ್ಯದ ವೈದ್ಯಕೀಯ ಶಿಕ್ಷಣ ನಿರ್ದೇಶಕರು. ಎಂತಹ ಸಮರ್ಥ ಸಂವಹನ ವ್ಯವಸ್ಥೆ! ಸರ್ವರ್ ಬೇಡ, ಪಿಡಿಎಫ್ ಬೇಡ, ಪಾಸ್‌ವರ್ಡ್ ಬೇಡ. ಪ್ರಕರಣಕ್ಕೆ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2012ರಲ್ಲಿ. ಅಷ್ಟರಲ್ಲಿ ಓದು ಮುಗಿಯುತ್ತ ಬಂದಿತ್ತು. ಪ್ರವೇಶ ಅಕ್ರಮ ಎಂದು ಹೇಳಿದ ನ್ಯಾಯಾಲಯ, ತಲಾ 5 ಲಕ್ಷ ರೂಪಾಯಿ ಕಟ್ಟಿಸಿಕೊಂಡು ಪದವಿ ಪೂರೈಸಲು ಬಿಟ್ಟಿತು. ಸುದ್ದಿ ತಲುಪದೆ ಸೀಟು ಕಳೆದುಕೊಂಡವರು ಆ ಹೊತ್ತಿಗೆ ಏನಾಗಿದ್ದರು ಎಂಬುದು ಯಾರ ಕಡತದಲ್ಲೂ ಇರುವ ವಿಷಯವಲ್ಲ.

ಕಚೇರಿ ಯಾವಾಗಲೂ ತಡ ಮಾಡುತ್ತದೆ ಎಂದು ದೂರುವವರು 2024ರ ಜೂನ್ 4ನ್ನು ನೆನೆಯಬೇಕು. ನೀಟ್ ಫಲಿತಾಂಶ ಬರಬೇಕಾಗಿದ್ದದ್ದು ಜೂನ್ 14ಕ್ಕೆ. ಹತ್ತು ದಿನ ಮೊದಲೇ ಬಂತು. ಸರ್ಕಾರಿ ಕೆಲಸ ಇಷ್ಟು ಚುರುಕಾದದ್ದು ಯಾವ ದಿನ ಎಂದರೆ, ಇಡೀ ದೇಶ ಲೋಕಸಭೆಯ ಮತ ಎಣಿಕೆ ನೋಡುತ್ತ ಟಿವಿ ಮುಂದೆ ಕುಳಿತಿದ್ದ ದಿನ. ಕಾಕತಾಳೀಯ ಎಂಬುದು ಇಂತಹ ಸಂದರ್ಭಗಳಿಗಾಗಿಯೇ ಇರುವ ಪದ. 67 ಮಂದಿಗೆ 720ಕ್ಕೆ 720 ಬಂದಿರುವುದು ಮತ ಎಣಿಕೆಯ ಸದ್ದು ಅಡಗಿದ ಮೇಲೆ ಜನರ ಕಣ್ಣಿಗೆ ಬಿತ್ತು. 1,563 ಮಂದಿಗೆ ಕೃಪಾಂಕ ಕೊಟ್ಟಿದ್ದೂ ಹೊರಬಂತು. ಕೃಪಾಂಕ ಏಕೆ? ಪರೀಕ್ಷಾ ಕೊಠಡಿಯಲ್ಲಿ ಅವರ ಸಮಯ ನಷ್ಟವಾಗಿತ್ತಂತೆ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ಕೃಪಾಂಕ ವಾಪಸಾಗಿ, ಜೂನ್ 23ಕ್ಕೆ ಮರುಪರೀಕ್ಷೆಯಾಯಿತು. ಸಮಯ ನಷ್ಟಕ್ಕೆ ಪರಿಹಾರ ಉಂಟು ಎಂದು ಕಚೇರಿಯೇ ಒಪ್ಪಿಕೊಂಡ ಅಪರೂಪದ ಗಳಿಗೆ ಅದು. ಬೇಗನೆ ದಾಟಿ ಹೋಯಿತು.

ಅದೇ ಜೂನ್ 23ಕ್ಕೆ ಸ್ನಾತಕೋತ್ತರ ನೀಟ್ ಕೂಡ ಇತ್ತು. ಮೊದಲು ಮಾರ್ಚ್ 3 ಎಂದಿದ್ದರು, ಆಮೇಲೆ ಜುಲೈ 7 ಎಂದರು, ಮತ್ತೆ ಹಿಂದಕ್ಕೆಳೆದು ಜೂನ್ 23 ಎಂದರು. ಬೇರೆ ಊರಿನ ಕೇಂದ್ರ ಸಿಕ್ಕ ವೈದ್ಯರು ರೈಲು ಹತ್ತಿ ಹೋಗಿ, ಕೋಣೆ ಹಿಡಿದು, ಪ್ರವೇಶಪತ್ರವನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುವ ಹೊತ್ತಿಗೆ, ಅಂದರೆ 22ರ ರಾತ್ರಿ, ಪರೀಕ್ಷೆ ಮುಂದಕ್ಕೆ ಹೋಗಿದೆ ಎಂಬ ಪ್ರಕಟಣೆ ಬಂತು. ಮುನ್ನೆಚ್ಚರಿಕೆಯ ಕ್ರಮ ಎಂದು ಕಾರಣ ಕೊಟ್ಟರು. ಮುನ್ನೆಚ್ಚರಿಕೆ ಕಚೇರಿಗೆ, ರೈಲಿನ ಟಿಕೆಟ್ಟು ವೈದ್ಯರಿಗೆ. ಕೊನೆಗೆ ಪರೀಕ್ಷೆ ನಡೆದದ್ದು ಆಗಸ್ಟ್ 11ಕ್ಕೆ.

ಅದಕ್ಕೂ ಹಿಂದೆ, 2021ರಲ್ಲಿ, ಸೂಪರ್ ಸ್ಪೆಷಾಲಿಟಿ ಪರೀಕ್ಷೆಯ ದಿನಾಂಕವನ್ನು ಜುಲೈನಲ್ಲಿ ಘೋಷಿಸಿ, ಪ್ರಶ್ನೆಪತ್ರಿಕೆಯ ಸ್ವರೂಪವನ್ನು ಆಗಸ್ಟ್ 31ರಂದು ಬದಲಿಸಿದರು. ಪರೀಕ್ಷೆ ನವೆಂಬರ್ 13 ಮತ್ತು 14ಕ್ಕೆ. ಹೃದಯವೋ ಮಿದುಳೋ ಎಂದು ಒಂದೇ ದಿಕ್ಕಿಗೆ ವರ್ಷಗಟ್ಟಲೆ ಓದಿದವರು ಎರಡೂವರೆ ತಿಂಗಳಿನಲ್ಲಿ ದಿಕ್ಕು ಬದಲಿಸಬೇಕು. ಅಧಿಕಾರದ ಆಟದಲ್ಲಿ ಈ ಯುವ ವೈದ್ಯರನ್ನು ಫುಟ್‌ಬಾಲ್ ಮಾಡಿಕೊಳ್ಳಬೇಡಿ ಎಂದು ಸುಪ್ರೀಂ ಕೋರ್ಟ್ ಗದರಿದ ಮೇಲೆ, ಹೊಸ ಪದ್ಧತಿ ಮುಂದಿನ ವರ್ಷದಿಂದ ಎಂದು ಸರ್ಕಾರ ಒಪ್ಪಿತು. 2022ರ ಮಾರ್ಚ್ ಕೊನೆಗೆ ಇನ್ನೊಂದು. ಸ್ನಾತಕೋತ್ತರ ಪ್ರವೇಶದ ಎರಡು ಸುತ್ತು ಮುಗಿದ ಮೇಲೆ 146 ಹೊಸ ಸೀಟುಗಳು ಎಲ್ಲಿಂದಲೋ ಉದ್ಭವವಾಗಿ, ಉಳಿದ ಸೀಟುಗಳನ್ನು ತುಂಬುವ ಮಾಪ್-ಅಪ್ ಸುತ್ತಿಗೆ ಬಂದವು. ಒಳ್ಳೆಯ ರ‍್ಯಾಂಕಿನವರು ಸಿಕ್ಕಿದ್ದಕ್ಕೆ ಸೇರಿಕೊಂಡು ಬಾಗಿಲು ಮುಚ್ಚಿಸಿಕೊಂಡಿದ್ದರು. ಅವರಿಗಿಂತ ಹಿಂದಿದ್ದವರಿಗೆ ಒಳ್ಳೆಯ ಸೀಟು ಕಾದಿತ್ತು. ನ್ಯಾಯಾಲಯ ಆ ಸುತ್ತನ್ನೇ ರದ್ದು ಮಾಡಬೇಕಾಯಿತು. ಮೊದಲು ಬಂದವನಿಗೆ ತೋರಿಸದ ಸರಕನ್ನು ಕೊನೆಗೆ ಬಂದವನ ಮುಂದೆ ಹರಡುವ ಈ ವ್ಯಾಪಾರ ಯಾವ ಸಂತೆಯಲ್ಲೂ ನಡೆಯದು.

ಇಷ್ಟೆಲ್ಲ ಓದಿ, ಈ ವ್ಯವಸ್ಥೆಗೆ ಸಡಿಲಿಕೆಯೇ ಗೊತ್ತಿಲ್ಲ ಎಂದುಕೊಳ್ಳಬೇಡಿ. 2023ರ ಸೆಪ್ಟೆಂಬರಿನಲ್ಲಿ ಸ್ನಾತಕೋತ್ತರ ನೀಟ್ ಅರ್ಹತೆಯನ್ನು ಎಲ್ಲ ವರ್ಗಗಳಿಗೂ ಸೊನ್ನೆ ಪರ್ಸೆಂಟೈಲಿಗೆ ಇಳಿಸಲಾಯಿತು. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆ ಅದು. ಹಾಗಾಗಿ ಸೊನ್ನೆಗಿಂತ ಕೆಳಗಿನ ಅಂಕದವರೂ ಕೌನ್ಸೆಲಿಂಗಿಗೆ ಅರ್ಹರಾದರು. ಪರೀಕ್ಷೆ ಬರೆದಿದ್ದರೆ ಸಾಕು. ಅಂಕದ ವಿಷಯದಲ್ಲಿ ತಾಯಿಗಿಂತ ಹೆಚ್ಚು ಕ್ಷಮಾಗುಣ. ಆದರೆ ಅದೇ ಅಭ್ಯರ್ಥಿ 5 ಗಂಟೆಯ ಗಡುವಿಗೆ 5 ಗಂಟೆ 4 ನಿಮಿಷಕ್ಕೆ ಬಂದು ನೋಡಲಿ. ಬೀದರಿನಿಂದ ರಾತ್ರಿಯೇ ಬಸ್ಸು ಹತ್ತಿದ್ದೆ, ದಾರಿಯಲ್ಲಿ ಟೈರು ಪಂಕ್ಚರ್ ಆಯಿತು ಎನ್ನಲಿ. ಆಗ ಸಿಬ್ಬಂದಿಗೆ ಸಂವಿಧಾನದ ಎಲ್ಲ ವಿಧಿಗಳೂ ಒಟ್ಟಿಗೆ ನೆನಪಾಗುತ್ತವೆ. ರೋಗಿಯ ಹೃದಯ ಎಲ್ಲಿದೆ ಎಂದು ತಿಳಿಯದಿದ್ದರೂ ಆದೀತು, ವೈದ್ಯನಾಗುವವನಿಗೆ ಕಚೇರಿಯ ಗಡಿಯಾರ ಎಲ್ಲಿದೆ ಎಂದು ಗೊತ್ತಿರಬೇಕು.

ಪ್ರಕಟಣೆ ಅರ್ಥವಾಗಲಿಲ್ಲ ಎಂದು ಹೇಳುವಂತೆಯೂ ಇಲ್ಲ. ಅಭ್ಯರ್ಥಿಯ ಗ್ರಹಣಶಕ್ತಿಯ ಮೇಲೆ ನಮ್ಮ ವ್ಯವಸ್ಥೆಗೆ ಅಪಾರ ನಂಬಿಕೆ. ದೊಡ್ಡವರ ಗ್ರಹಣಶಕ್ತಿಯ ಕಥೆ ಬೇರೆ. ಖಾಸಗಿ ಕಾಲೇಜಿನ ಪ್ರವೇಶ, ಶುಲ್ಕ ಯಾರ ಕೈಯಲ್ಲಿರಬೇಕು ಎಂದು 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳು ಕುಳಿತು ಬರೆದರು. ಕರ್ನಾಟಕದಿಂದಲೇ ಹೋದ ಪ್ರಕರಣ, ಹೆಮ್ಮೆ ಪಡಬೇಕು. ಆ 11 ಮಂದಿ ಏನು ಹೇಳಿದರು ಎಂದು ತಿಳಿಯಲು 2003ರಲ್ಲಿ ಐವರ ಪೀಠ ಕುಳಿತಿತು. ಆ ಐವರು ತಿಳಿದದ್ದು ಸರಿಯೇ ಎಂದು ನೋಡಲು 2005ರಲ್ಲಿ ಏಳು ಮಂದಿಯ ಪೀಠ ಕುಳಿತಿತು. ಆ ಏಳು ಮಂದಿ ಹೇಳಿದ್ದರಲ್ಲಿ ಸರ್ಕಾರಕ್ಕೆ ಹಿಡಿಸದ ಒಂದು ಭಾಗವನ್ನು ಸರಿಪಡಿಸಲು ಸಂಸತ್ತು ಸಂವಿಧಾನಕ್ಕೇ 93ನೇ ತಿದ್ದುಪಡಿ ತಂದಿತು. ನೀಟ್ ಕಥೆಯೂ ಅಷ್ಟೇ: 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು, 2016ರ ಏಪ್ರಿಲಿನಲ್ಲಿ ಆ ತೀರ್ಪನ್ನು ತಾನೇ ಹಿಂತೆಗೆದುಕೊಂಡಿತು. ಮೇ 1ಕ್ಕೆ ಪರೀಕ್ಷೆ! ಮನಸ್ಸು ಬದಲಿಸಲು ನ್ಯಾಯಾಲಯಕ್ಕೆ ಮೂರು ವರ್ಷ ಹಿಡಿಯಿತು. ಬದಲಾದ ಮನಸ್ಸಿಗೆ ಹೊಂದಿಕೊಳ್ಳಲು ಮಕ್ಕಳಿಗೆ ಸಿಕ್ಕಿದ್ದು ದಿನಗಳ ಲೆಕ್ಕ. ಮೇ ತಿಂಗಳಿನಲ್ಲಿ ಸುಗ್ರೀವಾಜ್ಞೆ ಬಂದು ಆ ವರ್ಷದ ಮಟ್ಟಿಗೆ ರಾಜ್ಯಗಳಿಗೆ ರಿಯಾಯಿತಿ ಸಿಕ್ಕಿತು. ಆಗ ನೀಟಿಗೆ ಓದುವುದನ್ನು ಬಿಟ್ಟವರಿಗೂ ಬಿಡದವರಿಗೂ ಒಂದೇ ಸಮನೆ ತಲೆನೋವು.

ಹಾಗಾದರೆ ಸುದ್ದಿ ಮುಟ್ಟದವಳು ನ್ಯಾಯಾಲಯಕ್ಕೆ ಹೋಗಲಿ ಎನ್ನುತ್ತೀರಿ. ಹೋಗುತ್ತಾಳೆ. ರಿಟ್ ಅರ್ಜಿ ಪಟ್ಟಿಗೆ ಬರುತ್ತದೆ. ಕಚೇರಿಯ ಪರ ವಕೀಲರು ಎದ್ದು ನಿಂತು, ಕಕ್ಷಿದಾರರಿಂದ ಸೂಚನೆ ಪಡೆಯಬೇಕಿದೆ, ಉತ್ತರ ಸಲ್ಲಿಸಲು ನಾಲ್ಕು ವಾರ ಕಾಲಾವಕಾಶ ಬೇಕು ಎನ್ನುತ್ತಾರೆ. ಒಂದೇ ರಾತ್ರಿಯಲ್ಲಿ ಓದಿ, ದಾಖಲೆ ಜೋಡಿಸಿ, ಡಿಡಿ ತೆಗೆಸಿ ಬರಬೇಕೆಂದು ಬರೆದ ಕಚೇರಿಗೆ, ತಾನು ಅದನ್ನು ಏಕೆ ಬರೆದೆ ಎಂದು ನೆನಪಿಸಿಕೊಳ್ಳಲು ನಾಲ್ಕು ವಾರ! ಅಷ್ಟರಲ್ಲಿ ಪ್ರವೇಶದ ಕೊನೆಯ ದಿನಾಂಕ ದಾಟುತ್ತದೆ. ವಕೀಲರು ಮತ್ತೆ ಎದ್ದು, ಸ್ವಾಮಿ, ಗಡುವು ಮುಗಿದಿದೆ, ಸುಪ್ರೀಂ ಕೋರ್ಟೇ ಹಾಕಿಕೊಟ್ಟ ವೇಳಾಪಟ್ಟಿಯನ್ನು ಮೀರುವಂತಿಲ್ಲ, ಅರ್ಜಿಗೆ ಈಗ ಅರ್ಥವಿಲ್ಲ ಎನ್ನುತ್ತಾರೆ. ನಾಲ್ಕು ವಾರ ಕೇಳಿದ್ದು ಬೇರೆ ಯಾರೋ ಇರಬೇಕು.

ಅಭ್ಯರ್ಥಿಯ ತಪ್ಪಿಲ್ಲದೆ ಸೀಟು ತಪ್ಪಿದ್ದರೆ, ಅವಳು ತಡಮಾಡದೆ ಬಂದಿದ್ದರೆ, ಬರೀ ಹಣದ ಪರಿಹಾರ ಕೊಟ್ಟು ಕಳುಹಿಸಬೇಕಿಲ್ಲ, ಅಪರೂಪದ ಪ್ರಕರಣಗಳಲ್ಲಿ ಸೀಟನ್ನೇ ಕೊಡಬಹುದು, ಬೇಕಾದರೆ ಮುಂದಿನ ವರ್ಷ ಕೊಡಬಹುದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಳ್ಳೆಯ ಮಾತು. ದೇವರು ವರ ಕೊಟ್ಟಿದ್ದಾನೆ. ಪೂಜಾರಿ ಜಾಲತಾಣ ನೋಡಲು ಹೇಳಿದ್ದಾನೆ.

ಇನ್ನು ಕೊನೆಗೂ ಯಾರಿಗೂ ಸಿಗದ ಸೀಟುಗಳು. 2021ರ ಸ್ನಾತಕೋತ್ತರ ಪ್ರವೇಶದಲ್ಲಿ 1,456 ಸೀಟುಗಳು ಖಾಲಿ ಉಳಿದವು. ಇನ್ನೊಂದು ಸುತ್ತು ನಡೆಸಿ ಎಂಬ ಬೇಡಿಕೆಯನ್ನು 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಶೈಕ್ಷಣಿಕ ವರ್ಷ ಬಹಳ ಮುಂದೆ ಹೋಗಿತ್ತು, ಗುಣಮಟ್ಟದಲ್ಲಿ ರಾಜಿ ಸಲ್ಲದು ಎಂದಿತು. ತರ್ಕ ಸರಿಯಾಗಿಯೇ ಇದೆ. ಪ್ರಶ್ನೆ ಇಷ್ಟೇ: ವರ್ಷ ಅಷ್ಟು ಮುಂದೆ ಹೋಗಲು ಅಭ್ಯರ್ಥಿಗಳು ಕಾರಣರೇ?

ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಒಂದು ವಿನಾಯಿತಿ ಉಂಟು. ಜಪ್ತಿ ಮಾಡಿದ್ದು ಬೇಗ ಕೊಳೆತುಹೋಗುವ ವಸ್ತುವಾಗಿದ್ದರೆ ಏಳು ದಿನ ಕಾಯಬೇಕಿಲ್ಲ, ಅಲ್ಲಿಯೇ ಮಾರಿಬಿಡಬಹುದು. ವೈದ್ಯಕೀಯ ಸೀಟನ್ನು ಯಾವಾಗಲೋ ಈ ಪಟ್ಟಿಗೆ ಸೇರಿಸಿರಬೇಕು. ಆ ಪ್ರಕಟಣೆಯೂ ರಾತ್ರಿಯೇ ಬಂದಿರುವುದರಿಂದ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಸುಧಾರಣೆಗೆ ಸಮಿತಿ ಬೇಡ, ಆಯೋಗ ಬೇಡ. ಅಭ್ಯರ್ಥಿಗಳಿಗೆ ಇರುವ ನಿಯಮವನ್ನೇ ಕಚೇರಿಗೂ ಅನ್ವಯಿಸಿದರೆ ಸಾಕು. ಆಕ್ಷೇಪಣೆಯೊಂದು ರಾತ್ರಿ 11.40ಕ್ಕೆ ಕಚೇರಿಯ ಇಮೇಲಿಗೆ ಬಂದರೆ, ಸಂಬಂಧಪಟ್ಟ ಅಧಿಕಾರಿ ಮರುದಿನ ಬೆಳಿಗ್ಗೆ 11ರೊಳಗೆ ಮೂಲ ಕಡತಗಳೊಂದಿಗೆ ಖುದ್ದಾಗಿ ಹಾಜರಾಗಿ ಉತ್ತರಿಸತಕ್ಕದ್ದು. ಸರ್ವರ್ ಕೆಟ್ಟಿತ್ತು, ಮೇಲಧಿಕಾರಿ ರಜೆಯಲ್ಲಿದ್ದರು, ಮೊಹರು ಸಿಗಲಿಲ್ಲ ಎಂಬ ಸಬೂಬುಗಳನ್ನು ಪರಿಗಣಿಸಲಾಗುವುದಿಲ್ಲ. ತಪ್ಪಿದಲ್ಲಿ ಆ ಹುದ್ದೆಯನ್ನು ಖಾಲಿ ಎಂದು ಪರಿಗಣಿಸಿ, ಅದೇ ಸಂಜೆ ಮಾಪ್-ಅಪ್ ಸುತ್ತಿಗೆ ಸೇರಿಸಲಾಗುವುದು. ಅರ್ಹತೆ: ಸೊನ್ನೆ ಪರ್ಸೆಂಟೈಲ್. ಆಸಕ್ತರು ಜಾಲತಾಣವನ್ನು ನಿರಂತರವಾಗಿ ಗಮನಿಸುತ್ತಿರಲು ಸೂಚಿಸಿದೆ.